ಸಿಹಿಮೂತ್ರ ರೋಗದ ಹಬ್ಬುಗೆಯೂ ಸಂಶೋಧನೆಯ ಆವಶ್ಯಕತೆಯೂ

ಬೆಳೆಗೆ ರೋಗ ತಗುಲಿದರೆ ರೈತನು ಒಡನೆಯೇ ಎಚ್ಚರಗೊಳ್ಳುತ್ತಾನೆ. ಭತ್ತಕ್ಕೆ ಬೆಂಕಿರೋಗ ಬಿದ್ದರೆ ಗರಿಗಳ ಮೇಲಿನ ಮಚ್ಚೆಯು ಕಣ್ಣಿಗೆ ಕಾಣುತ್ತದೆ. ಅಡಕೆಗೆ ಕೊಳೆ ಹತ್ತಿದರೆ ಕಾಯಿಗಳು ಉದುರಿ ಮರದ ಬುಡದಲ್ಲಿ ಬೀಳುತ್ತವೆ. ಎತ್ತಿಗೆ ಕಾಲುಬಾಯಿ ಜ್ವರ ಬಂದರೆ ಅದು ಮೇವನ್ನು ಬಿಡುತ್ತದೆ. ಆದರೆ ಬೆಳೆಯನ್ನು ಬೆಳೆಯುವ ಯಜಮಾನನ ಶರೀರದಲ್ಲಿಯೇ ಅನೇಕ ವರ್ಷಗಳವರೆಗೆ ಯಾವ ಚಿಹ್ನೆಯನ್ನೂ ತೋರದೆ ಅಡಗಿದ್ದು, ಕಡೆಗೆ ಕಣ್ಣನ್ನೋ ಮೂತ್ರಪಿಂಡವನ್ನೋ ಕಾಲನ್ನೋ ಕಳೆಯತಕ್ಕ ರೋಗವೊಂದುಂಟು. ಅದೇ ಮಧುಮೇಹ, ಅಥವಾ ಜನರು ಸಾಧಾರಣವಾಗಿ ಕರೆಯುವಂತೆ ಸಕ್ಕರೆ ಕಾಯಿಲೆ. ಇದು ಪಟ್ಟಣದ ಶ್ರೀಮಂತರ ರೋಗವೆಂದೂ, ಮೈಮುರಿದು ದುಡಿಯುವ ರೈತನ ಹತ್ತಿರ ಸುಳಿಯದೆಂದೂ ಬಹುಕಾಲದಿಂದ ಇದ್ದ ನಂಬಿಕೆಯು ಈಗ ಸುಳ್ಳಾಗಿದೆ. ಆದಕಾರಣ ಈ ರೋಗದ ಸ್ವರೂಪವನ್ನೂ, ಇದು ಲೋಕದಲ್ಲಿ ಹಬ್ಬುತ್ತಿರುವ ಪ್ರಮಾಣವನ್ನೂ, ಇದರ ವಿಷಯದಲ್ಲಿ ಇನ್ನೂ ನಡೆಯಬೇಕಾದ ಶೋಧನೆಯನ್ನೂ ಗ್ರಾಮದ ಮುಖಂಡರೂ ಭೂಮಾಲೀಕರೂ ತಿಳಿದಿರುವುದು ಆವಶ್ಯಕವಾಗಿದೆ.

ರೋಗದ ಸ್ವರೂಪ

ನಮ್ಮ ಪೂರ್ವಿಕರಿಗೆ ಈ ರೋಗವು ಅಪರಿಚಿತವಾಗಿರಲಿಲ್ಲ. ಚರಕ ಸುಶ್ರುತರ ವೈದ್ಯಗ್ರಂಥಗಳಲ್ಲಿ ಮಧುಮೇಹದ ವರ್ಣನೆಯಿದೆ. ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗಿರುವುದನ್ನೂ ಅದಕ್ಕೆ ಇರುವೆ ಮುತ್ತುವುದನ್ನೂ ಆ ಕಾಲದ ವೈದ್ಯರು ಗಮನಿಸಿದ್ದರು. ಹುಟ್ಟಿನಿಂದ ಬಂದದ್ದು ಒಂದು, ಅಪಥ್ಯದಿಂದ ಬಂದದ್ದು ಇನ್ನೊಂದು ಎಂದು ಸುಶ್ರುತ ಸಂಹಿತೆಯು ಎರಡು ಬಗೆಗಳನ್ನು ಹೇಳಿ, ಮೊದಲನೆಯ ಬಗೆಯ ರೋಗಿಯು ಕೃಶನಾಗಿಯೂ ಎರಡನೆಯವನು ಸ್ಥೂಲನಾಗಿಯೂ ಇರುತ್ತಾನೆಂದು ತಿಳಿಸುತ್ತದೆ. ಈಗಿನ ವೈದ್ಯಶಾಸ್ತ್ರದ ವಿಂಗಡಣೆಯೂ ಸ್ಥೂಲವಾಗಿ ಇದೇ ದಾರಿಯಲ್ಲಿಯೇ ಇದೆ.

ನಾವು ತಿನ್ನುವ ಅಕ್ಕಿ, ರಾಗಿ, ಜೋಳ ಮುಂತಾದವುಗಳಲ್ಲಿರುವ ಪಿಷ್ಟವು ಹೊಟ್ಟೆಯಲ್ಲಿ ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಜಠರದ ಹಿಂದೆ ಇರುವ ಮೇದೋಜೀರಕವೆಂಬ ಗ್ರಂಥಿಯು ಇನ್‌ಸುಲಿನ್ ಎಂಬ ರಸವನ್ನು ಸ್ರವಿಸಿ, ಆ ಸಕ್ಕರೆಯು ಮಾಂಸಖಂಡಗಳಿಗೂ ಇತರ ಅಂಗಗಳಿಗೂ ಒದಗುವಂತೆ ಮಾಡುತ್ತದೆ. ಇದನ್ನು ಕಾಲುವೆಯ ಬೇಸಾಯಕ್ಕೆ ಹೋಲಿಸಬಹುದು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ತೂಬು ತೆರೆಯದಿದ್ದರೆ ಗದ್ದೆಯ ಮಡಿಗಳು ಒಣಗುತ್ತವೆ. ನೀರು ಏರಿಯನ್ನು ಕೊರೆದು ಬೇಡದ ಕಡೆ ಹರಿಯುತ್ತದೆ. ಹಾಗೆಯೇ ಇನ್‌ಸುಲಿನ್ ಇಲ್ಲದಿದ್ದರೆ, ಅಥವಾ ಇದ್ದರೂ ಅದಕ್ಕೆ ಅಂಗಗಳು ಓಗೊಡದಿದ್ದರೆ, ರಕ್ತದಲ್ಲಿ ಸಕ್ಕರೆಯು ತುಂಬಿರುವಾಗಲೇ ಶರೀರವು ಹಸಿಯುತ್ತದೆ. ಮಿಕ್ಕ ಸಕ್ಕರೆಯು ಮೂತ್ರದಲ್ಲಿ ಹೋಗುತ್ತದೆ. ಅತಿಯಾದ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಹಸಿವು, ಕಾರಣವಿಲ್ಲದೆ ಮೈ ಇಳಿಯುವುದು, ಗಾಯ ಬೇಗ ಮಾಯದಿರುವುದು, ಅಂಗಾಲು ಜೋಮು ಹಿಡಿಯುವುದು ಇವೇ ಮುಖ್ಯ ಲಕ್ಷಣಗಳು.

ಮೊದಲನೆಯ ಬಗೆಯಲ್ಲಿ ಇನ್‌ಸುಲಿನ್ ಉತ್ಪತ್ತಿ ಮಾಡುವ ಕಣಗಳನ್ನು ಶರೀರದ ರಕ್ಷಣಾಶಕ್ತಿಯೇ ನಾಶಮಾಡುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿಯೂ ಯುವಕರಲ್ಲಿಯೂ ಆರಂಭವಾಗುತ್ತದೆ. ಪ್ರತಿದಿನವೂ ಇನ್‌ಸುಲಿನ್ ಚುಚ್ಚಿಸಿಕೊಳ್ಳದೆ ರೋಗಿಯು ಬದುಕಲಾರನು. ನೂರು ಮಂದಿ ರೋಗಿಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಬರುವುದು ಎರಡನೆಯ ಬಗೆ. ಇದು ಮೆಲ್ಲಮೆಲ್ಲನೆ ಬೆಳೆಯುವುದರಿಂದ ಬಹುಕಾಲ ಗೊತ್ತಾಗುವುದಿಲ್ಲ.

ಲೋಕದಲ್ಲಿ ರೋಗದ ಹಬ್ಬುಗೆ

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ೨೦೦೦ನೆಯ ಇಸವಿಯಲ್ಲಿ ಲೋಕದ ವಯಸ್ಕರಲ್ಲಿ ಸುಮಾರು ೧೫ ಕೋಟಿ ಜನರಿಗೆ ಈ ರೋಗವಿರುವುದೆಂದು ಅಂದಾಜು ಮಾಡಿತ್ತು. ಅದೇ ಒಕ್ಕೂಟದ ಅಂದಾಜು ೨೦೨೧ರಲ್ಲಿ ೫೩.೭ ಕೋಟಿಯೂ, ೨೦೨೪ರಲ್ಲಿ ೫೮.೯ ಕೋಟಿಯೂ ಆಯಿತು. ಅಂದರೆ ವಯಸ್ಕರಾದ ಒಂಬತ್ತು ಮಂದಿಗೆ ಒಬ್ಬರಂತೆ ಆಯಿತು. ಈಗಿನಂತೆಯೇ ನಡೆದರೆ ೨೦೫೦ರ ವೇಳೆಗೆ ಇದು ೮೫.೩ ಕೋಟಿಗೆ ಏರುವುದೆಂದು ಒಕ್ಕೂಟವು ಎಣಿಸಿದೆ. ಲೋಕದ ಅನೇಕ ವಿದ್ವಾಂಸರು ಸೇರಿ ಬೇರೆ ಕ್ರಮದಿಂದ ಮಾಡಿ ೨೦೨೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ೨೦೨೨ರಲ್ಲಿಯೇ ರೋಗಿಗಳ ಸಂಖ್ಯೆ ೮೨.೮ ಕೋಟಿಯಷ್ಟಿತ್ತು, ಇದು ೧೯೯೦ರಲ್ಲಿದ್ದುದರ ನಾಲ್ಕರಷ್ಟು. ಬರಿಯ ಹೊಟ್ಟೆಯಲ್ಲಿ ತೆಗೆದ ರಕ್ತದ ಸಕ್ಕರೆಯನ್ನೊಂದನ್ನೇ ನೋಡುವುದೋ, ಮೂರು ತಿಂಗಳ ಸರಾಸರಿಯನ್ನು ತೋರುವ ಇನ್ನೊಂದು ಪರೀಕ್ಷೆಯನ್ನೂ ಸೇರಿಸುವುದೋ ಎಂಬ ಭೇದದಿಂದ ಲೆಕ್ಕಗಳಲ್ಲಿ ಇಷ್ಟು ಅಂತರವುಂಟಾಗುತ್ತದೆ. ರೋಗಿಗಳನ್ನು ಎಣಿಸುವ ವಿಷಯದಲ್ಲಿಯೇ ಇನ್ನೂ ಶೋಧನೆ ಬೇಕಾಗಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಸಂಗತಿಯನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಐವರು ರೋಗಿಗಳಲ್ಲಿ ನಾಲ್ವರು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ನೂರಕ್ಕೆ ೪೦ಕ್ಕಿಂತ ಹೆಚ್ಚು ಮಂದಿಗೆ ತಮಗೆ ರೋಗವಿರುವುದೇ ತಿಳಿಯದು. ಮೊದಲು ಧನಿಕ ದೇಶಗಳಲ್ಲಿ ಹೆಚ್ಚಾಗಿ ಕಂಡುಬಂದ ರೋಗವು ಈಗ ಚಿಕಿತ್ಸೆಗೆ ಹಣವಿಲ್ಲದ ದೇಶಗಳ ಮೇಲೆ ಭಾರ ಹೇರಿದೆ.

ಭಾರತದ ಹಳ್ಳಿಗಳ ಸ್ಥಿತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಮದರಾಸಿನ ಮಧುಮೇಹ ಸಂಶೋಧನಾ ಪ್ರತಿಷ್ಠಾನದೊಡನೆ ಸೇರಿ ೨೦೦೮ರಿಂದ ೨೦೨೦ರವರೆಗೆ ಎಲ್ಲ ರಾಜ್ಯಗಳಲ್ಲಿಯೂ ೧,೧೩,೦೪೩ ಮಂದಿಯನ್ನು ಪರೀಕ್ಷಿಸಿತು. ೨೦೨೩ರಲ್ಲಿ ಪ್ರಕಟವಾದ ಇದರ ಫಲಿತಾಂಶದಂತೆ ದೇಶದಲ್ಲಿ ೧೦.೧ ಕೋಟಿ ಜನರಿಗೆ ಮಧುಮೇಹವಿದೆ; ಇನ್ನು ೧೩.೬ ಕೋಟಿ ಜನರು ರೋಗದ ಹೊಸ್ತಿಲಿನಲ್ಲಿದ್ದಾರೆ. ಎಂದರೆ ಅವರ ರಕ್ತದ ಸಕ್ಕರೆಯು ಸಹಜಕ್ಕಿಂತ ಹೆಚ್ಚಾಗಿದ್ದು ಇನ್ನೂ ರೋಗವೆನ್ನುವ ಮಟ್ಟಕ್ಕೆ ಬಂದಿಲ್ಲ.

ಪಟ್ಟಣಗಳಲ್ಲಿ ನೂರಕ್ಕೆ ೧೬.೪ ಮಂದಿಗೂ ಹಳ್ಳಿಗಳಲ್ಲಿ ನೂರಕ್ಕೆ ೮.೯ ಮಂದಿಗೂ ರೋಗವು ಕಂಡುಬಂದಿತು. ಇಷ್ಟನ್ನೇ ನೋಡಿದರೆ ಹಳ್ಳಿಯವರು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಹೊಸ್ತಿಲಿನಲ್ಲಿರುವವರ ಲೆಕ್ಕವನ್ನು ನೋಡಿದರೆ ಸಮಾಧಾನವು ನಿಲ್ಲುವುದಿಲ್ಲ. ಪಟ್ಟಣಗಳಲ್ಲಿ ಅಂಥವರು ನೂರಕ್ಕೆ ೧೫.೪, ಹಳ್ಳಿಗಳಲ್ಲಿ ೧೫.೨. ಇಬ್ಬರಿಗೂ ಭೇದವೇ ಇಲ್ಲವೆನ್ನಬಹುದು. ಪಟ್ಟಣದ ಹೊಲದಲ್ಲಿ ಕಳೆಯು ಬೆಳೆದು ನಿಂತಿದೆ. ಹಳ್ಳಿಯ ಹೊಲದಲ್ಲಿ ಅದೇ ಕಳೆಯ ಬೀಜವು ಅಷ್ಟೇ ಬಿದ್ದಿದೆ. ಮುಂಗಾರು ಬಂದರೆ ಮೊಳೆಯುವುದಕ್ಕೆ ತಡವಿಲ್ಲ. ಕಳೆಯನ್ನು ಮೊಳಕೆಯಲ್ಲಿಯೇ ಕಿತ್ತರೆ ಸುಲಭವೆಂಬುದನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ.

ರೈತನಿಗೆ ಈ ರೋಗದಿಂದ ಒದಗುವ ಕೇಡಿನ ಬಗೆಯೂ ಬೇರೆ. ಪಟ್ಟಣದ ಗುಮಾಸ್ತನು ಪಾದರಕ್ಷೆಯಿಲ್ಲದೆ ನಡೆಯುವುದು ಅಪೂರ್ವ. ರೈತನಾದರೋ ಕೆಸರುಗದ್ದೆಯಲ್ಲಿಯೂ ಕೂಳೆಯ ಹೊಲದಲ್ಲಿಯೂ ಬರಿಗಾಲಿನಲ್ಲಿ ದುಡಿಯತಕ್ಕವನು. ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ಕಾಲಿನ ನರಗಳು ಕೆಟ್ಟು ಸ್ಪರ್ಶಜ್ಞಾನವು ಹೋಗುತ್ತದೆ. ಕೂಳೆಯೋ ಮುಳ್ಳೋ ಚುಚ್ಚಿದರೆ ನೋವು ತಿಳಿಯುವುದಿಲ್ಲ. ಗಾಯವು ಕೀವುಗಟ್ಟಿ ಮನೆಯವರಿಗೆ ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಬೆರಳನ್ನು ತೆಗೆಯುವುದರಲ್ಲಿ ಮೊದಲಾದದ್ದು ಮೊಣಕಾಲಿನವರೆಗೆ ತೆಗೆಯುವುದರಲ್ಲಿ ಮುಗಿಯುವುದುಂಟು. ಆಸ್ಪತ್ರೆಯ ಖರ್ಚಿಗೆ ಸಾಲವಾಗುತ್ತದೆ. ಸಾಲಕ್ಕೆ ಜಮೀನು ಆಧಾರವಾಗುತ್ತದೆ. ಉಳುವ ಯಜಮಾನನು ಜಗಲಿಯ ಮೇಲೆ ಕುಳಿತಾಗ ಮಗನು ಓದನ್ನು ಬಿಟ್ಟು ನೇಗಿಲಿಗೆ ಬರುತ್ತಾನೆ. ಕ್ಷಯರೋಗವೂ ಮಧುಮೇಹವಿರುವವರಿಗೆ ಇತರರಿಗಿಂತ ಎರಡು ಮೂರು ಪಟ್ಟು ಸುಲಭವಾಗಿ ಅಂಟುತ್ತದೆ. ಹೀಗೆ ಒಬ್ಬನ ರೋಗವು ಒಂದು ಒಕ್ಕಲನ್ನೇ ಕೆಡಿಸಬಲ್ಲದು.

ಶೋಧನೆಯಿಂದ ಆದ ಉಪಕಾರ: ಇನ್‌ಸುಲಿನ್

ಮನುಷ್ಯನ ಬುದ್ಧಿಯು ಈ ರೋಗದ ವಿರುದ್ಧ ಮಾಡಿದ ಕೆಲಸದಲ್ಲಿ ಇನ್‌ಸುಲಿನ್ನಿನ ಶೋಧವು ಮುಖ್ಯವಾದದ್ದು. ೧೮೬೯ರಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿಯು ಮೇದೋಜೀರಕ ಗ್ರಂಥಿಯಲ್ಲಿ ನಡುಗಡ್ಡೆಗಳಂತಿರುವ ಕಣಗಳ ಗುಂಪುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಅವುಗಳ ಕೆಲಸವೇನೆಂಬುದು ಆಗ ತಿಳಿಯಲಿಲ್ಲ. ೧೮೮೯ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ಎಂಬುವರು ನಾಯಿಯ ಆ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹವು ಬಂದಿತು. ೧೯೨೧ರ ಬೇಸಗೆಯಲ್ಲಿ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಶಸ್ತ್ರವೈದ್ಯನೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ ಪ್ರೊಫೆಸರ್ ಮಕ್ಲೌಡ್‌ರವರ ಪ್ರಯೋಗಶಾಲೆಯಲ್ಲಿ ಆ ಕಣಗಳ ರಸವನ್ನು ತೆಗೆದು ರೋಗವಿದ್ದ ನಾಯಿಗಳಿಗೆ ಕೊಟ್ಟರು, ಸಕ್ಕರೆಯು ಇಳಿಯಿತು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಶುದ್ಧಿಮಾಡಿದನು. ೧೯೨೨ರ ಜನವರಿ ತಿಂಗಳಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ, ಎಲುಬುಗೂಡಾಗಿದ್ದ ಹುಡುಗನಿಗೆ ಅದನ್ನು ಚುಚ್ಚಲಾಯಿತು. ಮೊದಲನೆಯ ಸಲ ಫಲ ಸಿಕ್ಕಲಿಲ್ಲ. ಶುದ್ಧಿಮಾಡಿ ಕೊಟ್ಟ ಎರಡನೆಯ ಸಲ ಹುಡುಗನು ಚೇತರಿಸಿಕೊಂಡನು. ಅದಕ್ಕೆ ಹಿಂದೆ ಇಂಥ ಮಕ್ಕಳಿಗೆ ಮರಣವೊಂದೇ ಗತಿಯಾಗಿತ್ತು. ೧೯೨೩ರಲ್ಲಿ ಬ್ಯಾಂಟಿಂಗ್ ಮತ್ತು ಮಕ್ಲೌಡ್‌ರವರಿಗೆ ನೊಬೆಲ್ ಬಹುಮಾನವು ಬಂದಿತು. ಶೋಧಕರು ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಅರುವತ್ತು ವರ್ಷಗಳ ಕಾಲ ಲೋಕಕ್ಕೆ ಬೇಕಾದ ಇನ್‌ಸುಲಿನ್ ಬಂದದ್ದು ದನ ಮತ್ತು ಹಂದಿಗಳ ಗ್ರಂಥಿಗಳಿಂದ. ೧೯೭೮ರಲ್ಲಿ ಮನುಷ್ಯನ ಇನ್‌ಸುಲಿನ್ನನ್ನು ಸೂಕ್ಷ್ಮಜೀವಿಗಳಿಂದ ಉತ್ಪತ್ತಿ ಮಾಡುವ ವಿಧಾನವು ಸಿದ್ಧಿಸಿ, ೧೯೮೨ರಲ್ಲಿ ಅದು ಮಾರಾಟಕ್ಕೆ ಬಂದಿತು. ಹಿಟ್ಟನ್ನು ಹುದುಗೇಳಿಸುವ ಯೀಸ್ಟೆಂಬ ಜೀವಿಯ ಜಾತಿಗೆ ಸೇರಿದವೇ ಈಗ ದೊಡ್ಡ ಕೊಪ್ಪರಿಗೆಗಳಲ್ಲಿ ಬೆಳೆದು ರೋಗಿಗಳಿಗೆ ಔಷಧಿಯನ್ನು ಒದಗಿಸುತ್ತಿವೆ.

ಮೇವಿನ ಗಿಡದಿಂದ ಬಂದ ಗುಳಿಗೆ

ಎರಡನೆಯ ಬಗೆಯ ಮಧುಮೇಹಕ್ಕೆ ಲೋಕದಲ್ಲೆಲ್ಲಾ ಹೆಚ್ಚಾಗಿ ಕೊಡುವ ಗುಳಿಗೆ ಮೆಟ್‌ಫಾರ್ಮಿನ್ ಎಂಬುದು. ಇದರ ಮೂಲವು ಬೇಸಾಯಗಾರರಿಗೆ ಆಶ್ಚರ್ಯವನ್ನುಂಟುಮಾಡತಕ್ಕದ್ದು. ಯೂರೋಪಿನಲ್ಲಿ ಗಲೀಗಾ ಎಂಬ, ಅವರೆಯ ಜಾತಿಗೆ ಸೇರಿದ, ನೇರಳೆ ಹೂವಿನ ಗಿಡವೊಂದುಂಟು. ಅತಿಮೂತ್ರಕ್ಕೆ ಅಲ್ಲಿನ ಹಳೆಯ ನಾಟಿವೈದ್ಯರು ಇದನ್ನು ಕೊಡುತ್ತಿದ್ದರು. ೧೮೯೧ರಲ್ಲಿ ಅಮೆರಿಕದ ಯೂಟಾ ಪ್ರಾಂತ್ಯಕ್ಕೆ ಇದನ್ನು ಮೇವಿನ ಬೆಳೆಯಾಗಿ ತಂದರು. ಆದರೆ ಇದನ್ನು ಮೇದ ಕುರಿದನಗಳಿಗೆ ವಿಷವೇರುತ್ತಿದ್ದುದರಿಂದ ಮೇವಾಗಲಿಲ್ಲ. ಕಾಲುವೆಯ ಏರಿಗಳಲ್ಲಿ ಹಬ್ಬಿ ದೊಡ್ಡ ಕಳೆಯಾಯಿತು. ಗ್ವಾನಿಡೀನ್ ಎಂಬ ದ್ರವ್ಯಕ್ಕೆ ರಕ್ತದ ಸಕ್ಕರೆಯನ್ನು ಇಳಿಸುವ ಶಕ್ತಿಯಿದೆಯೆಂದು ೧೯೧೮ರಲ್ಲಿ ಮೊಲಗಳ ಮೇಲೆ ಮಾಡಿದ ಪ್ರಯೋಗದಿಂದ ತಿಳಿಯಿತು. ಗಲೀಗಾ ಗಿಡದಲ್ಲಿರುವುದೂ ಅದೇ ವರ್ಗದ ದ್ರವ್ಯವೇ. ಅದೇ ವರ್ಗಕ್ಕೆ ಸೇರಿದ, ಆದರೆ ಅಷ್ಟು ವಿಷವಲ್ಲದ ಮೆಟ್‌ಫಾರ್ಮಿನ್ನನ್ನು ೧೯೨೨ರಲ್ಲಿ ರಸಾಯನಶಾಸ್ತ್ರಜ್ಞರು ತಯಾರಿಸಿದರು. ಮೂವತ್ತೈದು ವರ್ಷ ಅದನ್ನು ಹೆಚ್ಚಾಗಿ ಯಾರೂ ಲಕ್ಷಿಸಲಿಲ್ಲ. ೧೯೫೭ರಲ್ಲಿ ಫ್ರೆಂಚ್ ವೈದ್ಯನಾದ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಗುಣವನ್ನು ಪ್ರಕಟಿಸಿದನು. ಕಳೆಯೆಂದು ಕಿತ್ತೆಸೆಯುವ ಗಿಡದ ಪರಿಶೀಲನೆಯಿಂದ ಕೋಟ್ಯಂತರ ಜನರಿಗೆ ಕಡಿಮೆ ಬೆಲೆಯ ಔಷಧಿ ದೊರೆಯಿತು.

ಇದನ್ನು ಓದಿ ಹಿತ್ತಲಿನ ಸೊಪ್ಪುಸದೆಯನ್ನು ಅರೆದು ಕುಡಿದು ವೈದ್ಯರ ಔಷಧಿಯನ್ನು ಬಿಡತಕ್ಕದ್ದಲ್ಲ. ಗಿಡದಲ್ಲಿ ಗುಣವೂ ವಿಷವೂ ಜೊತೆಯಲ್ಲಿರುತ್ತವೆ. ಅವೆರಡನ್ನೂ ಬೇರ್ಪಡಿಸಿ ಪ್ರಮಾಣವನ್ನು ಗೊತ್ತುಮಾಡುವುದೇ ಶೋಧನೆಯ ಕೆಲಸ.

ಮೈಸೂರಿನ ಜನನ ದಾಖಲೆಗಳು

ಲೆಕ್ಕವನ್ನು ಕ್ರಮವಾಗಿ ಬರೆದಿಡುವುದರಿಂದ ಎಷ್ಟು ದೊಡ್ಡ ಪ್ರಯೋಜನವಾಗುವುದೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ನಿದರ್ಶನವಿದೆ. ಮೈಸೂರು ನಗರದ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಹಾಗೆ ಬರೆದವರಿಗೆ ಇದರಿಂದ ಮುಂದೆ ಏನಾಗುವುದೆಂಬ ಕಲ್ಪನೆಯಿರಲಾರದು. ಅರ್ಧ ಶತಮಾನಕ್ಕೂ ಮೀರಿದ ಮೇಲೆ ವೈದ್ಯರು ಆ ಪುಸ್ತಕಗಳನ್ನು ತೆರೆದು, ಆ ಮಕ್ಕಳಲ್ಲಿ ಊರಿನಲ್ಲಿಯೇ ಇದ್ದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕೂ ಕಡಮೆ ತೂಗಿದ್ದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು, ಸುಮಾರು ೩.೧ ಕಿಲೋಗ್ರಾಂಗಿಂತ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ ೩ ಮಂದಿಗೆ ಮಾತ್ರ. ಇದು ೧೯೯೬ರಲ್ಲಿ ಪ್ರಕಟವಾಯಿತು. ಮಧುಮೇಹದ ವಿಷಯವಾಗಿ ೧೯೯೮ರಲ್ಲಿ ಪ್ರಕಟವಾದ ಶೋಧನೆಯು ಇನ್ನೂ ವಿಚಿತ್ರವಾಗಿತ್ತು: ಉದ್ದಕ್ಕೆ ತಕ್ಕುದಕ್ಕಿಂತ ತೂಕ ಹೆಚ್ಚಾಗಿ ಗಿಡ್ಡಾಗಿ ಹುಟ್ಟಿದವರಲ್ಲಿಯೂ, ತೂಕವುಳ್ಳ ತಾಯಂದಿರ ಮಕ್ಕಳಲ್ಲಿಯೂ ರೋಗವು ಹೆಚ್ಚಾಗಿತ್ತು. ಇದೇ ಆಸ್ಪತ್ರೆಯಲ್ಲಿ ೧೯೯೭ರಲ್ಲಿ ಆರಂಭವಾದ ಇನ್ನೊಂದು ಶೋಧನೆಯಿಂದ, ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಮಧುಮೇಹವು ತಲೆದೋರುವುದೆಂದೂ, ಅಂಥವರ ಮಕ್ಕಳ ಶರೀರದಲ್ಲಿ ಒಂಬತ್ತು ಹತ್ತು ವರ್ಷದ ವೇಳೆಗೆ ಕೊಬ್ಬು ಹೆಚ್ಚಾಗಿರುವುದೆಂದೂ ತಿಳಿದುಬಂದಿತು.

ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ೧೯೯೩ರಿಂದ ನಡೆದ ಪರಿಶೀಲನೆಯಲ್ಲಿ ರೈತರ ಮನೆಯ ಕೂಸುಗಳು ಸರಾಸರಿ ೨.೭ ಕಿಲೋಗ್ರಾಂ ಮಾತ್ರ ತೂಗಿದರೂ, ಮಾಂಸಖಂಡವು ಕಡಮೆಯಾಗಿ ಕೊಬ್ಬು ಅಷ್ಟಾಗಿ ಕಡಮೆಯಾಗದೆ ಇರುವುದು ಕಂಡುಬಂದಿತು. ನೋಡಲು ತೆಳ್ಳಗಿರುವ ನಮ್ಮ ಜನರಿಗೆ ಯೂರೋಪಿನವರಿಗಿಂತ ಚಿಕ್ಕ ವಯಸ್ಸಿನಲ್ಲಿಯೇ ಮಧುಮೇಹ ಬರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಹುಟ್ಟುವ ಮೊದಲೇ ಬೀಳುವ ಬೀಜವಿದು. ಎರಡನೆಯ ಮಹಾಯುದ್ಧದಲ್ಲಿ, ೧೯೪೪-೪೫ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಕ್ಷಾಮ ಬಂದಾಗ ತಾಯಿಯ ಗರ್ಭದಲ್ಲಿದ್ದವರಿಗೆ ಐವತ್ತು ವರ್ಷವಾದ ಮೇಲೆ ಸಕ್ಕರೆಯನ್ನು ಅರಗಿಸುವ ಶಕ್ತಿ ಕಡಮೆಯಾಗಿದ್ದುದು ಕಂಡುಬಂದಿತು. ಸಸಿಮಡಿಯಲ್ಲಿ ಸೊರಗಿದ ಪೈರು ನಾಟಿಯಾದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಸರಿಯಾಗಿ ತೆನೆಬಿಡದಿರುವುದನ್ನು ಇದಕ್ಕೆ ಹೋಲಿಸಬಹುದು.

ಹಸಿದವರ ಮಧುಮೇಹ

ಉಂಡು ಬೊಜ್ಜು ಬೆಳೆದವರಿಗೆ ಬರುವ ಮಧುಮೇಹವಲ್ಲದೆ, ಬಾಲ್ಯದಿಂದ ಹೊಟ್ಟೆಗಿಲ್ಲದೆ ಬಡಕಲಾದವರಿಗೆ ಬರುವ ಬಗೆಯೊಂದುಂಟು. ೧೯೫೫ರಲ್ಲಿ ಜಮೈಕಾ ದ್ವೀಪದಲ್ಲಿ ಇದನ್ನು ಮೊದಲು ವರ್ಣಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು ೧೯೮೫ರಲ್ಲಿ ಇದನ್ನು ಬೇರೆ ಬಗೆಯೆಂದು ಒಪ್ಪಿಕೊಂಡು, ಪ್ರಮಾಣಗಳು ಸಾಲವೆಂದು ೧೯೯೯ರಲ್ಲಿ ಕೈಬಿಟ್ಟಿತು. ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ವಿದ್ವಾಂಸರೊಡನೆ ಸೇರಿ ಇಂಥ ರೋಗಿಗಳನ್ನು ಪರೀಕ್ಷಿಸಿ, ಇವರ ಶರೀರದ ದೋಷವು ಮೇಲ್ಕಂಡ ಎರಡು ಬಗೆಗಳಿಗಿಂತಲೂ ಬೇರೆಯೆಂದು ೨೦೨೨ರಲ್ಲಿ ತೋರಿಸಿದರು. ೨೦೨೫ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಇದನ್ನು ಐದನೆಯ ಬಗೆಯೆಂದು ಅಂಗೀಕರಿಸಿತು. ಧನಿಕ ದೇಶಗಳಲ್ಲಿ ಅಪರೂಪವಾದ ರೋಗವಾದ್ದರಿಂದ ಎಪ್ಪತ್ತು ವರ್ಷ ಇದರ ಕಡೆಗೆ ತಕ್ಕಷ್ಟು ಗಮನ ಹರಿಯಲಿಲ್ಲ. ಬಡವರ ರೋಗವನ್ನು ಬಡವರ ದೇಶದವರೇ ಶೋಧಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಹಾರವೂ ಬೇಸಾಯವೂ

ಹೊಲದಲ್ಲಿ ಏನು ಬೆಳೆಯುವುದೋ ಅದೇ ತಟ್ಟೆಗೆ ಬರುವುದು. ೨೧ ದೇಶಗಳ ಸುಮಾರು ೧,೩೨,೦೦೦ ಜನರ ಆಹಾರವನ್ನು ಪರಿಶೀಲಿಸಿ ೨೦೨೦ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ದಿನಕ್ಕೆ ೪೫೦ ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಿಳಿಯ ಅನ್ನವನ್ನು ಉಣ್ಣುವ ದಕ್ಷಿಣ ಏಷ್ಯದವರಲ್ಲಿ, ೧೫೦ ಗ್ರಾಂಗಿಂತ ಕಡಮೆ ಉಣ್ಣುವವರಿಗಿಂತ ಮಧುಮೇಹವು ನೂರಕ್ಕೆ ಸುಮಾರು ೬೦ರಷ್ಟು ಹೆಚ್ಚಾಗಿ ಕಂಡಿತು. ಗಿರಣಿಯಲ್ಲಿ ಅಕ್ಕಿಯನ್ನು ನುಣ್ಣಗೆ ಪಾಲಿಶ್ ಮಾಡಿದಾಗ ತೌಡಿನೊಡನೆ ನಾರೂ ಸತ್ತ್ವವೂ ಹೋಗಿ, ಉಳಿದ ಪಿಷ್ಟವು ಬೇಗನೆ ಸಕ್ಕರೆಯಾಗುತ್ತದೆ.

ಹಾಗಾದರೆ ರಾಗಿಯನ್ನು ಎಷ್ಟು ತಿಂದರೂ ದೋಷವಿಲ್ಲವೆಂದು ಹೇಳುವವರುಂಟು. ಅದೂ ಸರಿಯಲ್ಲ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೆಚ್ಚಾಗಿರುವುದು ನಿಜ. ಆದರೆ ಅದರಲ್ಲಿಯೂ ಮುಖ್ಯವಾಗಿರುವುದು ಪಿಷ್ಟವೇ. ಮೇಲ್ಕಂಡ ವೈದ್ಯಕೀಯ ಮಂಡಳಿಯ ಶೋಧನೆಯ ೨೦೨೫ರ ವರದಿಯಂತೆ, ನಮ್ಮ ಜನರ ಆಹಾರದ ಶಕ್ತಿಯಲ್ಲಿ ನೂರಕ್ಕೆ ೬೨ ಭಾಗವು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ. ಒಟ್ಟು ಪ್ರಮಾಣವನ್ನು ಇಳಿಸದೆ ಅಕ್ಕಿಗೆ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಿಂದರೆ ವಿಶೇಷ ಪ್ರಯೋಜನವು ಕಾಣಲಿಲ್ಲ. ಅದರಲ್ಲಿ ಸ್ವಲ್ಪ ಭಾಗವನ್ನು ಬಿಟ್ಟು ಬೇಳೆಕಾಳು ಅಥವಾ ಹಾಲು ಮೊಸರನ್ನು ತೆಗೆದುಕೊಂಡವರಲ್ಲಿ ರೋಗದ ಸಂಭವವು ಕಡಮೆಯಾಗಿತ್ತು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆಗಳನ್ನು ಬಿತ್ತುತ್ತಿದ್ದ ಹಿರಿಯರ ಪದ್ಧತಿಯು ನೆಲಕ್ಕೆ ಸಾರವನ್ನು ಕೊಡುತ್ತಿದ್ದುದಲ್ಲದೆ ಮುದ್ದೆಯ ಪಕ್ಕದಲ್ಲಿ ಸಾರಿಗೂ ಹುಳಿಗೂ ಕಾಳನ್ನು ಒದಗಿಸುತ್ತಿತ್ತು. ಈಗ ಅಕ್ಕಡಿಯನ್ನು ಬಿಟ್ಟು ಒಂದೇ ಬೆಳೆಯನ್ನು ಹಾಕುವ ಹೊಲಗಳೇ ಹೆಚ್ಚುತ್ತಿರುವುದು ಶೋಚನೀಯ.

ಕಬ್ಬು ಬೆಳೆಯುವವರು ಇನ್ನೊಂದು ಮಾತನ್ನು ತಿಳಿಯತಕ್ಕದ್ದು. ಸಕ್ಕರೆ ಕೆಟ್ಟದ್ದು, ಬೆಲ್ಲಕ್ಕೆ ದೋಷವಿಲ್ಲ ಎಂಬುದು ತಪ್ಪು. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಎರಡೂ ಒಂದೇ. ಇಂಗ್ಲೆಂಡಿನಲ್ಲಿ ಯುದ್ಧಕಾಲದಿಂದ ನಡೆದುಬಂದ ಸಕ್ಕರೆಯ ಪಡಿತರವು ೧೯೫೩ರ ಸೆಪ್ಟೆಂಬರಿನಲ್ಲಿ ರದ್ದಾಯಿತು. ಪಡಿತರವಿದ್ದಾಗ ಗರ್ಭದಲ್ಲಿಯೂ ಶೈಶವದಲ್ಲಿಯೂ ಇದ್ದವರಿಗೆ, ಅನಂತರ ಹುಟ್ಟಿದವರಿಗಿಂತ ಮಧುಮೇಹದ ಸಂಭವವು ನೂರಕ್ಕೆ ಸುಮಾರು ೩೫ರಷ್ಟು ಕಡಮೆಯಾಗಿತ್ತೆಂದು ೨೦೨೪ರಲ್ಲಿ ಪ್ರಕಟವಾದ ಶೋಧನೆಯು ತಿಳಿಸುತ್ತದೆ.

ರೋಗವನ್ನು ತಡೆಯಬಹುದೆಂಬುದಕ್ಕೆ ಪ್ರಮಾಣ

ಎರಡನೆಯ ಬಗೆಯ ರೋಗವು ಹಣೆಬರಹವಲ್ಲ. ಚೀನಾ ದೇಶದ ದಾಚಿಂಗ್ ನಗರದಲ್ಲಿ ೧೯೮೬ರಲ್ಲಿ ರೋಗದ ಹೊಸ್ತಿಲಿನಲ್ಲಿದ್ದ ೫೭೭ ಮಂದಿಯನ್ನು ಆರಿಸಿ, ಕೆಲವರಿಗೆ ಆಹಾರದ ನಿಯಮವನ್ನೂ, ಕೆಲವರಿಗೆ ವ್ಯಾಯಾಮವನ್ನೂ, ಕೆಲವರಿಗೆ ಎರಡನ್ನೂ ಗೊತ್ತುಮಾಡಿದರು. ಉಳಿದವರನ್ನು ಸಾಧಾರಣ ಸ್ಥಿತಿಯಲ್ಲಿಯೇ ಬಿಟ್ಟರು. ಆರು ವರ್ಷಗಳ ಮೇಲೆ, ಹಾಗೆಯೇ ಬಿಟ್ಟವರಲ್ಲಿ ನೂರಕ್ಕೆ ೬೮ ಮಂದಿಗೆ ರೋಗವು ಬಂದಿತ್ತು; ನಿಯಮದಲ್ಲಿದ್ದ ಮೂರು ಗುಂಪುಗಳಲ್ಲಿ ೪೧ರಿಂದ ೪೬ ಮಂದಿಗೆ ಮಾತ್ರ ಬಂದಿತ್ತು. ಚೆನ್ನೈ ನಗರದ ವೈದ್ಯರು ೫೩೧ ಮಂದಿಯ ಮೇಲೆ ಇಂಥದೇ ಪ್ರಯೋಗವನ್ನು ಮಾಡಿ ೨೦೦೬ರಲ್ಲಿ ಪ್ರಕಟಿಸಿದರು. ಮೂರು ವರ್ಷಗಳಲ್ಲಿ ನಿಯಮವಿಲ್ಲದವರಲ್ಲಿ ನೂರಕ್ಕೆ ೫೫, ನಿಯಮವಿದ್ದವರಲ್ಲಿ ನೂರಕ್ಕೆ ೩೯ ಮಂದಿಗೆ ರೋಗವು ಬಂದಿತು. ದಿನವೂ ನಡೆಯುವುದು, ಊಟದಲ್ಲಿ ಮಿತಿ ಇವಿಷ್ಟೇ ಆ ನಿಯಮಗಳು. ಪಂಪು, ಟ್ರಾಕ್ಟರು, ಮೋಟಾರು ಸೈಕಲ್ಲುಗಳು ಬಂದ ಮೇಲೆ ಭೂಮಾಲೀಕರಿಗೆ ನಡಿಗೆಯು ಕಡಮೆಯಾಗಿದೆ. ಊಟವು ಮಾತ್ರ ನೇಗಿಲು ಹಿಡಿಯುತ್ತಿದ್ದ ಕಾಲದ ಅಳತೆಯಲ್ಲಿಯೇ ಇದೆ.

ಇನ್ನೂ ಆಗಬೇಕಾದ ಶೋಧನೆ

೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್‌ಮನ್‌ರವರು ಮಳೆಗಾಲದ ತೋಟಗಳಲ್ಲಿ ತಿರುಗಿ, ಅಡಕೆಯ ಕೊಳೆರೋಗಕ್ಕೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯೇ ಕಾರಣವೆಂದು ತೋರಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದನ್ನು ಬಳಕೆಗೆ ತಂದರು. ಕಾರಣವನ್ನು ತಿಳಿಯದೆ ಉಪಾಯವು ದೊರೆಯುವುದಿಲ್ಲವೆಂಬುದನ್ನು ಮಲೆನಾಡಿನ ತೋಟದವರು ಅಂದೇ ಕಂಡರು. ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಮಿನಲ್ಲಿ ಲಕ್ಷ್ಮಣಯ್ಯನವರು ದೇಶದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದದ್ದು ಅನೇಕ ವರ್ಷಗಳ ತಾಳ್ಮೆಯಿಂದ. ಮಧುಮೇಹದ ವಿಷಯದಲ್ಲಿಯೂ ಇದೇ ತಾಳ್ಮೆ ಬೇಕು. ಮುಖ್ಯವಾಗಿ ಈ ಕೆಳಗಿನ ವಿಷಯಗಳು ಶೋಧನೆಗೆ ಯೋಗ್ಯವಾಗಿವೆ:

೧. ತೆಳ್ಳಗಿರುವ, ಮೈಮುರಿದು ದುಡಿಯುವ ಹಳ್ಳಿಯ ಜನರಿಗೂ ರೋಗವು ಬರಲು ಕಾರಣವೇನು?

೨. ಗರ್ಭಿಣಿಯರ ಪೋಷಣೆಯನ್ನು ಉತ್ತಮಪಡಿಸಿದರೆ ಮುಂದಿನ ತಲೆಮಾರಿನಲ್ಲಿ ರೋಗವು ಎಷ್ಟು ಇಳಿಯುತ್ತದೆ?

೩. ಪಿಷ್ಟವು ನಿಧಾನವಾಗಿ ಜೀರ್ಣವಾಗುವ ಭತ್ತದ ತಳಿಗಳನ್ನು, ಇಳುವರಿ ಕಡಮೆಯಾಗದಂತೆ ಪಡೆಯುವುದು ಹೇಗೆ?

೪. ಬೇಳೆಕಾಳುಗಳ ಇಳುವರಿಯನ್ನು ಹೆಚ್ಚಿಸಿ ಬಡವರಿಗೂ ನಿಲುಕುವ ಬೆಲೆಗೆ ಒದಗಿಸುವುದು ಹೇಗೆ?

೫. ಚಳಿಪೆಟ್ಟಿಗೆಯಿಲ್ಲದ ಮನೆಯಲ್ಲಿ ಇನ್‌ಸುಲಿನ್ ಕೆಡದಂತೆ ಇಡುವ ಸುಲಭೋಪಾಯಗಳಾವುವು?

ಇವುಗಳಲ್ಲಿ ಮೂರನೆಯದೂ ನಾಲ್ಕನೆಯದೂ ವೈದ್ಯರಿಗಿಂತ ಬೇಸಾಯದ ಇಲಾಖೆಗೆ ಸೇರಿದವು.

ಗ್ರಾಮದ ಮುಖಂಡರು ಮಾಡತಕ್ಕದ್ದು

೧. ಮೂವತ್ತು ವರ್ಷ ಮೀರಿದವರೆಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆಯನ್ನು ನೋಡಿಸಿಕೊಳ್ಳುವಂತೆ ಏರ್ಪಡಿಸಬೇಕು. ಮುಖಂಡರು ತಾವೇ ಮೊದಲು ಬೆರಳನ್ನು ಚುಚ್ಚಿಸಿಕೊಂಡರೆ ಊರಿನವರು ಹಿಂಜರಿಯುವುದಿಲ್ಲ. ರಾತ್ರಿಯೆಲ್ಲಾ ಉಪವಾಸವಿದ್ದು ಬೆಳಿಗ್ಗೆ ತೆಗೆದ ರಕ್ತದಲ್ಲಿ ನೂರು ಮಿಲಿಲೀಟರಿಗೆ ೧೨೬ ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟು ಸಕ್ಕರೆಯಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ರೋಗವುಂಟೆಂದು ಎಣಿಸುತ್ತಾರೆ.

೨. ರೋಗವುಳ್ಳವರು ಪ್ರತಿದಿನ ಸಂಜೆ ಕಾಲನ್ನು ತೊಳೆದು ಒರೆಸಿ, ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ತಮಗೆ ಕಾಣದಿದ್ದರೆ ಮನೆಯವರಿಂದ ನೋಡಿಸಬೇಕು. ಕೆಸರಿನ ಕೆಲಸದಲ್ಲಿ ಸಾಧ್ಯವಿಲ್ಲದಿದ್ದರೂ ಒಣಹೊಲದಲ್ಲಿ ಮೆಟ್ಟಿಲ್ಲದೆ ಕಾಲಿಡಬಾರದು.

೩. ಗರ್ಭಿಣಿಯರಿಗೆ ಕಾಳು, ಸೊಪ್ಪು, ಹಾಲು ಒದಗುವಂತೆಯೂ ಸಕ್ಕರೆಯ ಪರೀಕ್ಷೆಯು ತಪ್ಪದಂತೆಯೂ ನೋಡಿಕೊಳ್ಳಬೇಕು.

೪. ಭೂಮಾಲೀಕರು ಅಕ್ಕಡಿ ಸಾಲುಗಳನ್ನು ಮತ್ತೆ ರೂಢಿಗೆ ತರಬೇಕು; ಆಳುಗಳಿಗೆ ಕೊಡುವ ಊಟದಲ್ಲಿ ಕಾಳಿನ ಪಾಲನ್ನು ಹೆಚ್ಚಿಸಬೇಕು.

೫. ಔಷಧಿಯನ್ನು ನಡುವೆ ಬಿಡದಂತೆ ರೋಗಿಗಳಿಗೆ ಬುದ್ಧಿ ಹೇಳಬೇಕು. ಸಕ್ಕರೆಯು ಇಳಿದದ್ದು ಔಷಧಿಯಿಂದ. ರೋಗವು ಬೇರುಸಹಿತ ಹೋಯಿತೆಂದಲ್ಲ.

೬. ಶೋಧನೆಗಾಗಿ ವೈದ್ಯರು ಹಳ್ಳಿಗೆ ಬಂದಾಗ ಅವರಿಗೆ ಸಹಾಯ ಮಾಡಬೇಕು. ಜನನ ಮರಣಗಳನ್ನೂ ಕೂಸಿನ ತೂಕವನ್ನೂ ತಪ್ಪಿಲ್ಲದೆ ಬರೆಯಿಸಬೇಕು.

ಈ ಕಡೆಯ ಮಾತು ಅಲ್ಪವೆಂದು ತೋರಬಹುದು. ೧೯೩೪ರಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಕೂಸನ್ನು ತಕ್ಕಡಿಯಲ್ಲಿಟ್ಟು ತೂಕವನ್ನು ಬರೆದವರ ಶ್ರದ್ಧೆಯು ಅರುವತ್ತು ವರ್ಷಗಳ ಮೇಲೆ ಫಲಿಸಿ ಲೋಕದ ವಿದ್ವಾಂಸರಿಗೆ ದಾರಿ ತೋರಿಸಿತು. ಇಂದು ಹಳ್ಳಿಯ ಪುಸ್ತಕದಲ್ಲಿ ಸರಿಯಾಗಿ ಬರೆದ ಒಂದು ಸಾಲು ಇನ್ನು ಹುಟ್ಟದ ಮೊಮ್ಮಕ್ಕಳಿಗೆ ಉಪಕಾರವಾಗಬಹುದು. ಮುಂದಿನವರಿಗಾಗಿ ಮಾವಿನ ಸಸಿಯನ್ನು ನೆಡುವ ವಾಡಿಕೆಯುಳ್ಳ ನಮ್ಮ ರೈತರಿಗೆ ಇಂಥ ಕೆಲಸವು ಹೊಸದಲ್ಲ.